ತಗಡು ಮೃದು, ಅಂಚು ಹರಿತ

ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಹಳೆಯ ಡಬ್ಬಿಗಳ ಹುಡುಕಾಟ ಶುರುವಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದ. ‘ಏನಾತೋ?’ ಎಂದೆ. ‘ಗಾಳಿಯಂತ್ರಕ್ಕ ತಗಡ ಕತ್ತರಸಾಕ ಹೋಗಿದ್ನಿರಿ ಸರ್, ಕತ್ತರಿ ಜಾರಿತು, ತಗಡ ಕೊಯ್ತು’ ಎಂದ. ಮೂರು ಹೊಲಿಗೆ ಬಿದ್ದಿದ್ದವು. ತಪ್ಪು ಅವನದಲ್ಲ. ಮಾದರಿ ಮಾಡಿಕೊಂಡು ಬಾ ಎಂದಿದ್ದ ನಾನು, ತಗಡು ಕತ್ತರಿಸುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಮರುವರ್ಷ ಅವನ ತಂದೆ ಪೇಟೆಯಿಂದ ಸಿದ್ಧ ಮಾದರಿಯನ್ನೇ ಕೊಂಡು ತಂದರು. ಗಾಯವಾಗಲಿಲ್ಲ ನಿಜ, ಆದರೆ ಹುಡುಗ ಏನನ್ನೂ ಕಲಿಯಲೂ ಇಲ್ಲ.

ಯಾವ ತಗಡು?

ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಕಬ್ಬಿಣದ ಜಾತಿ. ಎಣ್ಣೆ ಡಬ್ಬಿ, ಮನೆಯ ಮೇಲಿನ ಪತ್ರಾಸು ಈ ಗುಂಪಿನವು. ಇವು ಮಕ್ಕಳ ಕೈಗೆ ಬೇಡ. ಅಲ್ಯೂಮಿನಿಯಂ ಮತ್ತು ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಮೃದುವೂ ಹೌದು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ, ಅಷ್ಟೇ. ಸೊಳ್ಳೆ ಔಷಧಿ, ಸುಗಂಧ ಮೊದಲಾದ ಸ್ಪ್ರೇ ಡಬ್ಬಿಗಳನ್ನು ಮಾತ್ರ ಎಂದೂ ಕತ್ತರಿಸಬಾರದು. ಒಳಗಿನ ಅನಿಲ ಒತ್ತಡದಲ್ಲಿದ್ದು, ಡಬ್ಬಿ ಸಿಡಿಯಬಹುದು.

ಕತ್ತರಿಯೂ ಒಂದು ಸನ್ನೆ

ಕತ್ತರಿ ಮೊದಲ ವರ್ಗದ ಸನ್ನೆ. ಆಧಾರಕ್ಕೆ ಹತ್ತಿರವಿದ್ದಷ್ಟೂ ಬಲ ಹೆಚ್ಚು. ಆದ್ದರಿಂದ ತಗಡನ್ನು ಕತ್ತರಿಯ ತುದಿಗಲ್ಲ, ಬುಡಕ್ಕೆ ಕೊಡಿ. ಅಲಗುಗಳನ್ನು ಪೂರ್ತಿ ಮುಚ್ಚಬೇಡಿ. ತುದಿ ಕೂಡಿದಲ್ಲಿ ಮುಳ್ಳಿನಂಥ ಚೂಪು ಉಳಿಯುತ್ತದೆ. ಅರ್ಧ ಮುಚ್ಚಿ, ಮುಂದೆ ಸರಿಸಿ, ಮತ್ತೆ ಕತ್ತರಿಸಿ. ಕತ್ತರಿಯ ತಿರುಪು ಸಡಿಲವಿದ್ದರೆ ತಗಡು ಅಲಗುಗಳ ನಡುವೆ ಮಡಚಿಕೊಂಡು ಜಾರುತ್ತದೆ. ನಮ್ಮ ಹುಡುಗನಿಗೆ ಆದದ್ದೂ ಅದೇ.

ನೇರ ಗೆರೆ ಬೇಕಾದರೆ ಕತ್ತರಿಯೇ ಬೇಡ. ಉಕ್ಕಿನ ಅಳತೆಪಟ್ಟಿ ಇಟ್ಟು, ಪೇಪರ್ ಕಟರ್‌ನಿಂದ ಒಂದೇ ಗೆರೆಯ ಮೇಲೆ ಹಗುರವಾಗಿ ಐದಾರು ಬಾರಿ ಗೀರಿ. ಮೇಜಿನ ಅಂಚಿಗೆ ಹಿಡಿದು ಹಿಂದೆ ಮುಂದೆ ಬಗ್ಗಿಸಿ. ತಗಡು ಗೆರೆಗುಂಟ ಮುರಿಯುತ್ತದೆ. ಯಾಕೆ? ಬಗ್ಗಿಸಿದಷ್ಟೂ ಲೋಹ ಅಲ್ಲಿ ಗಡುಸಾಗಿ, ಕೊನೆಗೆ ಬಿರಿಯುತ್ತದೆ. ಕಟರ್ ಹಿಡಿಯುವ ಕೆಲಸ ದೊಡ್ಡವರದು.

ಕತ್ತರಿಸಿದ ಅಂಚನ್ನು ಬರಿಗೈಯಿಂದ ಸವರಬೇಡಿ. ದಪ್ಪ ಕೈಚೀಲ ಧರಿಸಿ, ಪಾಲಿಶ್ ಕಾಗದದಿಂದ ಉಜ್ಜಿ, ಇಲ್ಲವೇ ಅಂಚನ್ನು ಒಳಕ್ಕೆ ಮಡಚಿ. ಚೂರುಗಳನ್ನು ಕೈಯಿಂದ ಗುಡಿಸದೆ ಕಾಗದದಲ್ಲಿ ಸುತ್ತಿ ಎಸೆಯಿರಿ. ಆಳವಾಗಿ ಕೊಯ್ದರೆ ಅರಿಸಿನ ಮೆತ್ತಿ ಸುಮ್ಮನಾಗದೆ, ತೊಳೆದು ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಬೇಕಾಗಬಹುದು.

ಇಂಡಿಯ ಲಿಂಬೆಯಲ್ಲಿ ಬೆಳಕು

ಕಲಿತದ್ದಕ್ಕೆ ಒಂದು ಪ್ರಯೋಗ ಬೇಡವೇ? 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಂಡಿಯ ಲಿಂಬೆ ನಾಲ್ಕು ತನ್ನಿ. ತೆಳು ತಾಮ್ರದ ತಗಡಿನಿಂದ ನಾಲ್ಕು ಪಟ್ಟಿ ಕತ್ತರಿಸಿ. ಪ್ರತಿ ಲಿಂಬೆಗೆ ಒಂದು ಪಟ್ಟಿ, ಒಂದು ಸತುಲೇಪಿತ ಮೊಳೆ ಚುಚ್ಚಿ. ಅವು ಒಂದಕ್ಕೊಂದು ತಾಗಬಾರದು. ಒಂದರ ಮೊಳೆಯನ್ನು ಮುಂದಿನದರ ತಾಮ್ರಕ್ಕೆ ತಂತಿಯಿಂದ ಜೋಡಿಸಿ. ಒಂದು ಲಿಂಬೆಗೆ ಸುಮಾರು 0.9 ವೋಲ್ಟ್. ಕೊನೆಯಲ್ಲಿ ಉಳಿದ ತಾಮ್ರಕ್ಕೆ ಕೆಂಪು ಎಲ್‌ಇಡಿಯ ಉದ್ದ ಕಾಲು, ಉಳಿದ ಮೊಳೆಗೆ ಗಿಡ್ಡ ಕಾಲು ಜೋಡಿಸಿ ಕತ್ತಲಲ್ಲಿ ನೋಡಿ, ಮಂದವಾಗಿ ಬೆಳಗುತ್ತದೆ. ಶಕ್ತಿ ಬರುವುದು ಕರಗುವ ಸತುವಿನಿಂದ, ಲಿಂಬೆಯದು ಮಧ್ಯಸ್ಥಿಕೆ ಮಾತ್ರ. ಲೋಹ ಸೇರಿದ ಆ ಲಿಂಬೆಯನ್ನು ಪಾನಕಕ್ಕೆ ಬಳಸಬೇಡಿ.

ಬೀದರಿನ ಬಿದರಿ ಕುಶಲಿಗಳು ತೆಳು ಬೆಳ್ಳಿ ತಗಡನ್ನು ಹೂವಿನ ಆಕಾರಕ್ಕೆ ಕತ್ತರಿಸಿ ಸತು-ತಾಮ್ರದ ಪಾತ್ರೆಗಳಲ್ಲಿ ಕೂಡಿಸುವುದನ್ನು ನೋಡಿದವರಿಗೆ ಗೊತ್ತು, ಆ ಕೈಗಳೂ ಒಂದು ದಿನ ಮೊದಲ ತಗಡನ್ನು ಹಿಡಿದಿದ್ದವು. ಪಾಲಕರೇ, ಕತ್ತರಿ ಕಸಿದುಕೊಳ್ಳಬೇಡಿ. ಒಂದು ಗಂಟೆ ಮಗುವಿನ ಪಕ್ಕ ಕೂಡಿ.