ಐಹೊಳೆ ಪ್ರಶಸ್ತಿಯ ನೌಕಾಯುದ್ಧ: ಉಪಮೆಯಲ್ಲಿ ಅಡಗಿದ ಯುದ್ಧತಂತ್ರ

ಕನ್ನಡ ನಾಡಿನ ಅರಸರ ನೌಕಾಬಲವನ್ನು ಕುರಿತ ಪ್ರಾಚೀನ ಆಧಾರಗಳಲ್ಲಿ ಐಹೊಳೆಯ ಮೇಗುತಿ ಬಸದಿಯ ಶಾಸನ ಮುಖ್ಯವಾದುದು. ಶಕ 556ರಲ್ಲಿ (ಕ್ರಿ.ಶ. 634–35) ರವಿಕೀರ್ತಿ ರಚಿಸಿದ ಈ ಸಂಸ್ಕೃತ ಪ್ರಶಸ್ತಿಯು, ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯೆನಿಸಿದ ಪುರಿಯನ್ನು ನೂರಾರು ನಾವೆಗಳಿಂದ ಮುತ್ತಿದ ಸಂಗತಿಯನ್ನು ಒಂದೇ ಪದ್ಯದಲ್ಲಿ ಹೇಳಿ ಮುಗಿಸುತ್ತದೆ. ಆ ಪುರಿ ಘಾರಾಪುರಿಯೋ ರಾಜಪುರಿಯೋ ಎಂಬ ಚರ್ಚೆ ನಡೆದಷ್ಟು ಪದ್ಯದ ಉಪಮೆಯನ್ನು ಕುರಿತ ಚರ್ಚೆ ನಡೆದಿಲ್ಲ. ಯುದ್ಧತಂತ್ರದ ಸುಳಿವು ಇರುವುದಾದರೋ ಉಪಮೆಯಲ್ಲಿಯೇ.

ನಾವೆಗಳನ್ನು ಕವಿ ಮದಗಜಗಳ ಗುಂಪಿಗೆ ಹೋಲಿಸುತ್ತಾನೆ. ಮುತ್ತಿಗೆಯನ್ನು ಹೇಳಲು ಆತ ಆಯ್ದ ಕ್ರಿಯಾಪದದ ಧಾತು ‘ಮೃದ್’, ಎಂದರೆ ತುಳಿ, ಅರೆ. ಇದು ಹಡಗಿನ ಕೆಲಸವಲ್ಲ, ಆನೆಯ ಕೆಲಸ. ಗಜೋಪಮೆ ಕವಿಸಮಯವೆಂಬುದು ನಿಜವಾದರೂ, ಪುಲಕೇಶಿಯ ಕಾಲದಲ್ಲಿಯೇ ಈ ನಾಡಿಗೆ ಬಂದಿದ್ದ ಹ್ಯೂಯೆನ್‌ತ್ಸಾಂಗನ ಬರೆಹವನ್ನು ಇದರೊಡನೆ ಇಟ್ಟು ನೋಡಬೇಕು. ಈ ಅರಸನು ನೂರಾರು ಆನೆಗಳನ್ನು ಸಾಕಿದ್ದನೆಂದೂ, ಯುದ್ಧಕ್ಕೆ ಮುನ್ನ ಅವುಗಳಿಗೆ ಮದ್ಯ ಕುಡಿಸಿ ಒಟ್ಟಾಗಿ ನುಗ್ಗಿಸಿ ಶತ್ರುಗಳನ್ನು ತುಳಿಸುತ್ತಿದ್ದನೆಂದೂ ಆತ ದಾಖಲಿಸಿದ್ದಾನೆ. ಮದ, ಗುಂಪು, ತುಳಿತ ಈ ಮೂರೂ ಪದ್ಯದಲ್ಲಿವೆ. ಚಾಲುಕ್ಯರು ನೆಲದ ಮೇಲೆ ರೂಢಿಸಿಕೊಂಡಿದ್ದ ಗಜಯುದ್ಧದ ಕ್ರಮವನ್ನೇ, ಎಂದರೆ ದಟ್ಟವಾಗಿ ಒತ್ತಿ ನಡೆಯುವುದನ್ನೇ, ನೀರಿಗೂ ಒಯ್ದರೆಂದು ಊಹಿಸಲು ಇಲ್ಲಿ ಅವಕಾಶವಿದೆ. ‘ನೂರಾರು’ ಎಂಬುದನ್ನು ಎಣಿಕೆಯೆಂದು ಹಿಡಿಯುವುದಕ್ಕಿಂತ ಈ ಊಹೆಗೆ ಹೆಚ್ಚು ಬಲವಿದೆ.

ಹಿಂದಿನ ಪದ್ಯಗಳೂ ಇದಕ್ಕೆ ಸಿದ್ಧತೆ ಮಾಡಿವೆ. ವನವಾಸಿಯನ್ನು ಸೇನಾಸಮುದ್ರ ಸುತ್ತುವರಿದಾಗ ಸ್ಥಲದುರ್ಗವು ನೋಡುವವರಿಗೆ ಜಲದುರ್ಗದಂತೆ ತೋರಿತು. ಕೊಂಕಣದಲ್ಲಿ ಮೌರ್ಯರೆಂಬ ಹೊಂಡದ ನೀರನ್ನು ಚಾಲುಕ್ಯ ದಂಡಿನ ಅಲೆಗಳು ಕೊಚ್ಚಿ ಒಯ್ದವು. ನೆಲದ ಸೈನ್ಯವು ನೀರಾಗಿ ಬಂದು, ನಿಜವಾಗಿಯೂ ನೀರು ಎದುರಾದೊಡನೆ ನಾವೆಗಳು ನೆಲದ ಪ್ರಾಣಿಗಳಾಗುತ್ತವೆ. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡ ಕವಿಯ ಆತ್ಮವಿಶ್ವಾಸ ಬರಿಯ ಜಂಬವಲ್ಲ.

ಪುರಿಯನ್ನು ಮುತ್ತಿದ ಅರಸನಿಗೆ ಪುರವನ್ನು ಭೇದಿಸಿದ ಶಿವನ ಹೋಲಿಕೆ ಸಲ್ಲುತ್ತದೆ. ಆ ಬಳಿಕ ಪದ್ಯವು ಮೇಲಕ್ಕೆ ನೋಡುತ್ತದೆ: ಮೋಡಗಳ ಸಾಲು ಕವಿದ ಆಕಾಶ ಕಡಲಿನಂತಾಯಿತು, ಕಡಲು ಆಕಾಶದಂತಾಯಿತು. ಮೋಡದ ಸಾಲಿಗೆ ಕವಿ ಬಳಸಿದ ‘ಅನೀಕ’ ಶಬ್ದಕ್ಕೆ ಸೈನ್ಯವೆಂಬ ಅರ್ಥವೂ ಇದೆ. ಬಾನಿನಲ್ಲಿ ಮೋಡಗಳು ಹೇಗೋ, ಕಡಲಿನಲ್ಲಿ ನಾವೆಗಳು ಹಾಗೆ ಎಡೆಬಿಡದೆ ಕವಿದಿದ್ದವೆಂಬುದು ಈ ಶ್ಲೇಷೆಯ ಫಲಿತಾರ್ಥ.