ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನವೂ ಶೀಲವೂ

ಸಿಡಿಲನ್ನು ನೆಲಕ್ಕಿಳಿಸುವ ಕಂಬಿಯನ್ನು ಕಂಡುಹಿಡಿದ ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ನನು (1706–1790) ತನ್ನ ದೇಶದ ರಾಜ್ಯಕಾರ್ಯದಲ್ಲಿಯೂ ಅಗ್ರಗಣ್ಯನಾಗಿದ್ದನೆಂಬದನ್ನು ನಮ್ಮ ವಾಚಕರಲ್ಲಿ ಬಹುಜನರು ಪಾಠದ ಪುಸ್ತಕಗಳಲ್ಲಿ ಓದಿರುವರು. ಯಂತ್ರವನ್ನು ಕಲ್ಪಿಸುವ ಬುದ್ಧಿಯೂ ಪ್ರಜೆಗಳನ್ನು ಪಾಲಿಸುವ ಬುದ್ಧಿಯೂ ಒಬ್ಬನಲ್ಲಿಯೇ ಕೂಡಿಬರುವದು ಬಹಳ ಅಪರೂಪ. ಆದರೆ ಅಂಥ ಪುರುಷನನ್ನು ಕಾಣಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ನಮ್ಮ ಕನ್ನಡ ನಾಡಿನಲ್ಲಿಯೇ ಅಂಥವರೊಬ್ಬರು ಹುಟ್ಟಿ, ನೂರು ವರ್ಷದ ಅಂಚನ್ನು ಮುಟ್ಟುವವರೆಗೆ ಬಾಳಿ, ಬಾಳಿನ ಬಹುಭಾಗವನ್ನು ದುಡಿತದಲ್ಲಿಯೇ ಕಳೆದರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರ ಹೆಸರನ್ನು ಅರಿಯದ ಮಗು ನಮ್ಮಲ್ಲಿಲ್ಲ. ಸಪ್ಟೆಂಬರ 15ನೆಯ ದಿವಸ ಇಂಜಿನಿಯರರ ದಿನಾಚರಣೆ ಬಂದಾಗ ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹೂಮಾಲೆ ಬೀಳುವದು. ಆದರೆ ಹೆಸರನ್ನು ಅರಿಯುವದು ಬೇರೆ, ಮನುಷ್ಯನನ್ನು ಅರಿಯುವದು ಬೇರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಜನರಾದ ನಮಗಂತೂ ಅವರನ್ನು ಸರಿಯಾಗಿ ಅರಿಯುವ ಕಾರಣ ಮತ್ತೊಂದುಂಟು. ನಾವು ಕೃಷ್ಣೆ–ಘಟಪ್ರಭೆಯರ ಮಕ್ಕಳು. ಮಳೆಗಾಲದಲ್ಲಿ ತುಂಬಿ ಊರನ್ನು ಸುತ್ತುವ ಹೊಳೆಯನ್ನೂ, ಬೇಸಿಗೆಯಲ್ಲಿ ಕೊಡ ಹೊತ್ತು ನೀರಿಗಾಗಿ ಅಲೆಯುವ ಕಷ್ಟವನ್ನೂ ಬಲ್ಲವರು. ವಿಶ್ವೇಶ್ವರಯ್ಯನವರ ಆಯುಷ್ಯದ ಮುಖ್ಯ ಪ್ರಶ್ನೆಯು ಇದೇ ಆಗಿತ್ತು: ಹೆಚ್ಚಾದಾಗ ಕೊಲ್ಲುವ, ಕಡಿಮೆಯಾದಾಗಲೂ ಕೊಲ್ಲುವ ನೀರನ್ನು ಮನುಷ್ಯನ ಹಿತಕ್ಕೆ ಒಳಪಡಿಸುವದು ಹೇಗೆ?

ಅವರು 1861ನೆಯ ಇಸವಿಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆಯಿತ್ತು, ಧನವಿರಲಿಲ್ಲ. ಹುಡುಗತನದಲ್ಲಿಯೇ ತಂದೆಯನ್ನು ಕಳಕೊಂಡ ಈ ಬಾಲಕನು ಬೆಂಗಳೂರಿಗೆ ಬಂದು, ಅನ್ಯರ ಮಕ್ಕಳಿಗೆ ಮನೆಪಾಠ ಹೇಳಿ, ಅದರ ಹಣದಿಂದ ತನ್ನ ಅಭ್ಯಾಸವನ್ನು ಸಾಗಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದನು. ಅನಂತರ ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆ ಹೊಂದಿದನು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ದೊರೆಯಿತು. ಆಗ ಬೀಳಗಿಯು ಅದೇ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿಯೂ, ಜಮಖಂಡಿ ಮುಧೋಳಗಳು ತಮ್ಮ ತಮ್ಮ ಸಂಸ್ಥಾನಿಕರ ಕೆಳಗೂ ಇದ್ದವೆಂಬದು ನಮ್ಮ ಹಿರಿಯರಿಗೆ ನೆನಪಿರುವದು. ಧಾರವಾಡದ ಕೆಲಗೇರಿ ಕೆರೆಯ ಜೊತೆಗೆ ಜನರು ಇಂದಿಗೂ ವಿಶ್ವೇಶ್ವರಯ್ಯನವರ ಹೆಸರನ್ನು ಹೇಳುವರು.

ಅವರ ಕೆಲಸದ ರೀತಿಯು ಸಿಂಧದ ಸಕ್ಕರ ಪಟ್ಟಣದಲ್ಲಿ ಚೆನ್ನಾಗಿ ಕಂಡುಬಂದಿತು. ಸಿಂಧೂ ನದಿಯ ನೀರು ಮಣ್ಣು ಕಲೆತು ಕುಡಿಯಲು ಬಾರದಂತಿತ್ತು. ನೀರನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಉಸುಕಿನೊಳಗಿಂದ ಜಿನುಗಿ ತಿಳಿಯಾದ ನೀರನ್ನೇ ಮೇಲಕ್ಕೆತ್ತುವ ಏರ್ಪಾಡನ್ನು ಮಾಡಿದರು. ಬೇಸಿಗೆಯಲ್ಲಿ ಹಳ್ಳದ ಉಸುಕಿನಲ್ಲಿ ವರತೆ ತೋಡಿ, ಚರಿಗೆಯಿಂದ ತಿಳಿನೀರನ್ನು ಮೊಗೆದು ತುಂಬುವ ನಮ್ಮ ತಾಯಂದಿರು ಈ ಯುಕ್ತಿಯ ಮರ್ಮವನ್ನು ಕೂಡಲೆ ತಿಳಿಯುವರು. ದೊಡ್ಡ ಬುದ್ಧಿಯು ಯಾವಾಗಲೂ ದೊಡ್ಡ ವೆಚ್ಚವನ್ನು ಬೇಡುವದಿಲ್ಲ. ನಿಸರ್ಗವು ಮಾಡುವ ಕೆಲಸವನ್ನು ಮೊದಲು ನೋಡಿ, ಅದಕ್ಕೆ ಕೈಗೂಡಿಸುವದೇ ಅದರ ಲಕ್ಷಣವು.

ಅವರ ಹೆಸರನ್ನು ಶೋಧಕರ ಸಾಲಿನಲ್ಲಿ ನಿಲ್ಲಿಸಿದ್ದು ಪುಣೆಯ ಹತ್ತಿರದ ಖಡಕವಾಸಲೆಯ ಜಲಾಶಯದ ಬಾಗಿಲುಗಳು. ಮಳೆಗಾಲದಲ್ಲಿ ಆ ಜಲಾಶಯವು ತುಂಬಿ, ಕೋಡಿಯ ಮೇಲಿಂದ ನೀರು ವ್ಯರ್ಥವಾಗಿ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿಯಾದರೋ ಪುಣೆಯ ಜನರಿಗೂ ಕಾಲುವೆಗೂ ನೀರು ಸಾಲುತ್ತಿರಲಿಲ್ಲ. ಹಳೆಯ ಕಟ್ಟೆಯನ್ನು ಎತ್ತರಿಸುವದು ವೆಚ್ಚದ ಕೆಲಸ. ಕೋಡಿಗೆ ಸಾಮಾನ್ಯ ಬಾಗಿಲುಗಳನ್ನು ಹಚ್ಚಿದರೆ, ನಡುರಾತ್ರಿ ಮಹಾಪೂರ ಬಂದಾಗ ಕಾವಲುಗಾರನು ನಿದ್ದೆಹೋದರೆ ಕಟ್ಟೆಗೇ ಅಪಾಯ. ವಿಶ್ವೇಶ್ವರಯ್ಯನವರು ಈ ತೊಡಕನ್ನು ಬಿಡಿಸಿದ ಬಗೆ ಹೀಗೆ: ಬಾಗಿಲಿನ ಭಾರಕ್ಕೆ ಎದುರಾಗಿ ಸಮತೂಕದ ಭಾರವನ್ನು ತೂಗಹಾಕಿ, ತಕ್ಕಡಿಯ ಎರಡು ಪರಡಿಗಳಂತೆ ಅವೆರಡೂ ಒಂದನ್ನೊಂದು ಹಿಡಿದಿರುವಂತೆ ಮಾಡಿದರು. ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದೊಡನೆ ಆ ನೀರೇ ಸಮತೂಕವನ್ನು ತಪ್ಪಿಸುವದು, ಬಾಗಿಲು ತೆರೆಯುವದು. ಮಟ್ಟವು ಇಳಿದೊಡನೆ ಬಾಗಿಲು ತಾನಾಗಿಯೇ ಮುಚ್ಚುವದು. ಮನುಷ್ಯನ ಕೈಯೂ ಬೇಡ, ಕೂಗೂ ಬೇಡ. 1903ರಲ್ಲಿ ಈ ಬಾಗಿಲುಗಳು ಅಲ್ಲಿ ಕುಳಿತವು. ಇದರಿಂದ ಹಳೆಯ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರನ್ನು ನಿಲ್ಲಿಸುವದು ಸಾಧ್ಯವಾಯಿತು. ಮುಂದೆ ಗ್ವಾಲಿಯರ ಸಂಸ್ಥಾನದ ತಿಗ್ರಾ ಕಟ್ಟೆಯಲ್ಲಿಯೂ, ಮೈಸೂರಿನ ಕೃಷ್ಣರಾಜಸಾಗರದಲ್ಲಿಯೂ ಇಂಥ ಬಾಗಿಲುಗಳನ್ನು ಬಳಸಿದರು.

ಯಂತ್ರಕ್ಕಿಂತ ಕಠಿಣವಾದುದು ಜನರ ಮನಸ್ಸು. ನೀರಾ ನದಿಯ ಕಾಲುವೆಯಲ್ಲಿ ಅವರು ಕಂಡ ಸ್ಥಿತಿಯು ನಮಗೆ ಹೊಸದಲ್ಲ. ಕಾಲುವೆಯ ತಲೆಯ ಕಡೆಯ ರೈತರು ಬೇಕಾದಷ್ಟು ನೀರನ್ನು ಹಾಯಿಸಿ ಕಬ್ಬು ಬೆಳೆಯುವರು. ಭೂಮಿಯು ಜೌಗು ಹಿಡಿಯುವದು, ಸೊಳ್ಳೆಗಳಿಂದ ಚಳಿಜ್ವರ ಹಬ್ಬುವದು. ಕಾಲುವೆಯ ಬಾಲದ ಕಡೆಯ ರೈತನು ಆಕಾಶವನ್ನು ನೋಡುತ್ತ ಕುಳಿತಿರುವನು. ಇದಕ್ಕೆ ಅವರು 1899ರಲ್ಲಿ ಸೂಚಿಸಿದ ಉಪಾಯಕ್ಕೆ 'ಬ್ಲಾಕ್ ಪದ್ಧತಿ' ಎಂಬ ಹೆಸರಾಯಿತು. ಹಳ್ಳಿಯ ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದು ಪಾಲಿಗೆ ಕಬ್ಬು, ಭತ್ತದಂಥ ಹೆಚ್ಚು ನೀರಿನ ಬೆಳೆ, ಉಳಿದ ಪಾಲುಗಳಿಗೆ ಕಡಿಮೆ ನೀರಿನ ಬೆಳೆ ಎಂದು ಗೊತ್ತುಪಡಿಸಿ, ವರ್ಷವರ್ಷಕ್ಕೆ ಬೆಳೆಯ ಸರದಿಯನ್ನು ಬದಲಿಸುವದೇ ಅದರ ಸಾರವು. ಭೂಮಿಗೆ ವಿಶ್ರಾಂತಿ ದೊರೆಯುವದು. ಅದೇ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟುವದು. ಮೊದಲಿಗೆ ಜನರು ಇದನ್ನು ವಿರೋಧಿಸಿದರು. ಅವರು ಸಿಟ್ಟಿಗೇಳದೆ, ಜನರೊಡನೆ ಕುಳಿತು ಲೆಕ್ಕವನ್ನು ತೋರಿಸಿ ಒಡಂಬಡಿಸಿದರು.

ಇಂದು ಜಮಖಂಡಿ ಮುಧೋಳಗಳ ಕಪ್ಪು ನೆಲದಲ್ಲಿ ಕಣ್ಣು ಹಾಯುವವರೆಗೂ ಕಬ್ಬು ನಿಂತಿರುವದನ್ನು ಕಂಡು ನಾವು ಹಿಗ್ಗುವೆವು, ಹಿಗ್ಗತಕ್ಕದ್ದೇ. ಆದರೆ ಅದೇ ನೆಲದಲ್ಲಿ ನೀರು ಹೆಚ್ಚಾಗಿ ಸವಳು ಬಿದ್ದ ಹೊಲಗಳನ್ನೂ ಕಂಡಿರುವೆವು. ಬಿಳಿಯ ಉಪ್ಪು ಮೇಲೆದ್ದ ಆ ನೆಲದಲ್ಲಿ ಕಬ್ಬೂ ಇಲ್ಲ, ಜೋಳವೂ ಇಲ್ಲ. ನೀರಿಲ್ಲದ ಬಡತನವನ್ನು ಕಳೆಯಲು ಹೊರಟವರು ನೀರಿನಿಂದಲೇ ಬಡತನವನ್ನು ತಂದುಕೊಳ್ಳಬಹುದೆಂಬದನ್ನು ನೂರಿಪ್ಪತ್ತು ವರ್ಷಗಳ ಹಿಂದೆಯೇ ಆ ಮಹನೀಯರು ಹೇಳಿದ್ದರು.

ಮುಂಬಯಿ ಇಲಾಖೆಯಲ್ಲಿ ಅನೇಕ ಹಿರಿಯರನ್ನು ದಾಟಿ ಮೇಲೇರಿದ ಅವರು, ಮೇಲ್ಪದವಿಯು ಆಂಗ್ಲರಿಗೇ ಮೀಸಲಾದಂತಿದ್ದ ಆ ಕಾಲದಲ್ಲಿ, 1908ರಲ್ಲಿ ತಾವಾಗಿಯೇ ನಿವೃತ್ತರಾದರು. ಅದೇ ವರ್ಷದ ಸಪ್ಟೆಂಬರದಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದ ನಗರವನ್ನು ಹಾಳುಮಾಡಿತು. ನಿಜಾಮ ಸರಕಾರವು ಇವರನ್ನು ಕರೆಯಿಸಿ ಸಲಹೆಯನ್ನು ಪಡೆಯಿತು. ಮುಂದೆ ಕಟ್ಟಲ್ಪಟ್ಟ ಉಸ್ಮಾನಸಾಗರ, ಹಿಮಾಯತಸಾಗರಗಳು ಆ ಸಲಹೆಯ ಫಲಗಳು. 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾಗಿ ತಾಯ್ನಾಡಿಗೆ ಮರಳಿದರು. 1912ರ ನವ್ಹೆಂಬರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು.

ದಿವಾನಗಿರಿಯನ್ನು ಒಪ್ಪುವ ಮೊದಲು ಅವರು ತಮ್ಮ ಬಂಧುಬಳಗವನ್ನೆಲ್ಲ ಊಟಕ್ಕೆ ಕರೆದು, ತಮ್ಮಿಂದ ಯಾವ ನೌಕರಿಯನ್ನೂ ಶಿಫಾರಸನ್ನೂ ಕೇಳುವದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಪದವಿಯನ್ನು ಸ್ವೀಕರಿಸುವೆನೆಂದು ಹೇಳಿದರೆಂಬ ಕಥೆಯು ಪ್ರಸಿದ್ಧವಿದೆ. ಸಂಸ್ಥಾನಗಳ ಆಳಿಕೆಯನ್ನು ಕಂಡ ನಮ್ಮ ಅಜ್ಜ–ಅಜ್ಜಿಯರಿಗೆ ಈ ಮಾತಿನ ಬೆಲೆ ಗೊತ್ತು. ದರಬಾರದಲ್ಲಿ ಒಬ್ಬ ಬೀಗನಿದ್ದರೆ ಏಳು ಮನೆಗಳಿಗೆ ಅನ್ನವೆಂದು ತಿಳಿಯುತ್ತಿದ್ದ ಕಾಲವದು.

ಅವರು ದಿವಾನರಾಗಿದ್ದ ಆರು ವರ್ಷಗಳ ಕೆಲಸವನ್ನು ಎಣಿಸುವದೇ ಕಷ್ಟ. 1913ರಲ್ಲಿ ಮೈಸೂರು ಬ್ಯಾಂಕು, ಅದೇ ವರ್ಷ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ; ಇವುಗಳೊಡನೆ ಗಂಧದೆಣ್ಣೆ, ಸಾಬೂನುಗಳ ಕಾರಖಾನೆಗಳು. ಭದ್ರಾವತಿಯ ಕಬ್ಬಿಣದ ಕಾರಖಾನೆಗೂ ಅವರೇ ಅಡಿಪಾಯ ಹಾಕಿದರು. ಕಾವೇರಿಗೆ ಕೃಷ್ಣರಾಜಸಾಗರದ ಕಟ್ಟೆಯು 1911ರಲ್ಲಿ ಆರಂಭವಾಗಿ, 1930ರ ಸುಮಾರಿನ ವರ್ಷಗಳಲ್ಲಿ ಪೂರ್ತಿಯಾಯಿತು. ಮಂಡ್ಯದ ಸೀಮೆಯು ಹಸುರಾಯಿತು. ಆದರೆ ನಮ್ಮ ವಾಚಕರ ಕಣ್ಣನ್ನು ನಾವು ವಿಶೇಷವಾಗಿ ಸೆಳೆಯಬೇಕಾದುದು ಶಾಲೆಗಳ ಕಡೆಗೆ. ಅವರ ಆಡಳಿತ ಕಾಲದಲ್ಲಿ ಮೈಸೂರಿನ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವೆಂದು ಹೇಳುವರು. ಕಟ್ಟೆಯು ನೀರನ್ನು ಕೂಡಿಡುವದು, ಶಾಲೆಯು ಬುದ್ಧಿಯನ್ನು ಕೂಡಿಡುವದು. ಎರಡನ್ನೂ ಒಂದೇ ಉತ್ಸಾಹದಿಂದ ಕಟ್ಟಿಸಿದ ದಿವಾನರು ವಿರಳ.

ಮಹಾತ್ಮರ ಚರಿತ್ರವನ್ನು ಹೇಳುವಾಗ ಹೊಗಳಿಕೆಯನ್ನಷ್ಟೇ ಬರೆದರೆ ಮಕ್ಕಳಿಗೆ ನಾವು ಅನ್ಯಾಯ ಮಾಡಿದಂತಾಗುವದು. ವಿಶ್ವೇಶ್ವರಯ್ಯನವರು ಯಾವ ಕಾರಣದಿಂದ ಪದವಿಯನ್ನು ಬಿಟ್ಟರೆಂಬದನ್ನೂ ತಿಳಿಯಬೇಕು. 1918ರಲ್ಲಿ ಮಹಾರಾಜರು, ಸರಕಾರದ ನೌಕರಿಗಳಲ್ಲಿ ಹಿಂದುಳಿದ ಸಮಾಜದವರಿಗೆ ಪಾಲು ದೊರಕಿಸುವ ವಿಚಾರಕ್ಕಾಗಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಯೋಗ್ಯತೆಯೊಂದನ್ನೇ ನೋಡಬೇಕು, ಇಲ್ಲವಾದರೆ ಆಡಳಿತವು ಸಡಿಲಾಗುವದೆಂಬದು ದಿವಾನರ ಅಭಿಪ್ರಾಯ. ಅದು ಕೂಡದ್ದರಿಂದ ಅವರು ಹುದ್ದೆಯನ್ನು ತ್ಯಜಿಸಿದರು. ಸಿದ್ಧಾಂತಕ್ಕಾಗಿ ಅಧಿಕಾರವನ್ನು ಬಿಟ್ಟ ಧೈರ್ಯವನ್ನು ನಾವು ಗೌರವಿಸುವೆವು. ಆದರೆ ತಲೆತಲಾಂತರದಿಂದ ಶಾಲೆಯ ಹೊಸ್ತಿಲನ್ನು ತುಳಿಯದ ಮನೆಯ ಮಗುವಿಗೆ ಯೋಗ್ಯತೆಯನ್ನು ಗಳಿಸುವ ದಾರಿಯೇ ಮೊದಲು ತೆರೆಯಬೇಕಲ್ಲವೇ? ತಮ್ಮ ಮನೆತನದಲ್ಲಿ ಮೊದಲ ಸಲ ಅಕ್ಷರ ಕಲಿತ ಹೆಣ್ಣುಮಕ್ಕಳನ್ನು ವರ್ಷವರ್ಷವೂ ಕಾಣುವ ನಾವು, ಈ ಒಂದು ವಿಷಯದಲ್ಲಿ ಮಹಾರಾಜರ ದೃಷ್ಟಿಯೇ ದೂರದ್ದಾಗಿತ್ತೆಂದು ವಿನಯದಿಂದ ಹೇಳುವೆವು. ಕಾಲುವೆಯ ಬಾಲದ ರೈತನಿಗೂ ನೀರು ಮುಟ್ಟಬೇಕೆಂದು ಕಲಿಸಿದವರು ವಿಶ್ವೇಶ್ವರಯ್ಯನವರೇ; ಅವರ ಪಾಠವನ್ನೇ ನಾವು ಅವರ ಮುಂದಿಡುವೆವು.

ದೊಡ್ಡ ಕಟ್ಟೆಗಳ ಹಿಂದೆ ಮತ್ತೊಂದು ಲೆಕ್ಕವುಂಟು. ಕನ್ನಂಬಾಡಿಯ ಹಳೆಯ ಊರು ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು. ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ, ಗುಡಿ, ಗೋರಿಗಳನ್ನು ಬಿಟ್ಟುಕೊಟ್ಟ ಬೀಳಗಿ ಸೀಮೆಯ ಕುಟುಂಬಗಳಿಗೆ ಆ ದುಃಖವನ್ನು ನಾವು ವಿವರಿಸಬೇಕಾಗಿಲ್ಲ. ಒಬ್ಬರ ಹೊಲಕ್ಕೆ ಬಂದ ನೀರಿನಲ್ಲಿ ಇನ್ನೊಬ್ಬರ ಊರು ಅಡಗಿರುವದೆಂಬ ನೆನಪು ನೀರನ್ನು ಉಪಯೋಗಿಸುವ ಪ್ರತಿಯೊಬ್ಬರಲ್ಲಿ ಇರತಕ್ಕದ್ದು.

ನಿವೃತ್ತಿಯ ಅನಂತರವೂ ಅವರು ಸುಮ್ಮನೆ ಕೂಡಲಿಲ್ಲ. 1923ರಿಂದ ಭದ್ರಾವತಿಯ ಕಾರಖಾನೆಯ ಆಡಳಿತವನ್ನು ವಹಿಸಿ ಅದನ್ನು ನಿಲ್ಲಿಸಿದರು. ಆ ಕೆಲಸಕ್ಕಾಗಿ ಬಂದ ಸಂಭಾವನೆಯನ್ನು ಮನೆಗೆ ಒಯ್ಯದೆ, ತರುಣರಿಗೆ ಕೈಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಮೂಲಧನವಾಗಿ ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಹೀಗೆ 1943ರಲ್ಲಿ ಹುಟ್ಟಿತು. ಕೈಯ ಕಸಬಿಗೆ ಮಾನವಿಲ್ಲದ ನಾಡು ಏಳಿಗೆ ಹೊಂದಲಾರದೆಂಬದು ಅವರ ದೃಢವಾದ ನಂಬಿಗೆ. ಲಾಳಿಯ ಸಪ್ಪಳದಲ್ಲಿಯೇ ಬೆಳಗಾಗುವ ರಬಕವಿ–ಬನಹಟ್ಟಿಗಳಲ್ಲಿ, ಒಂದು ಎಳೆ ತಪ್ಪಿದರೆ ಸೀರೆಯೇ ಕೆಡುವದೆಂದು ಬಲ್ಲ ನೇಕಾರರಿಗೆ, ಈ ನಂಬಿಗೆಯನ್ನು ಕಲಿಸಬೇಕಾದುದಿಲ್ಲ. 1934ರಲ್ಲಿ ಅವರು ಭಾರತಕ್ಕೆ ಯೋಜನಾಬದ್ಧವಾದ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥವನ್ನು ಬರೆದರು. 1955ರಲ್ಲಿ ಅವರಿಗೆ ಭಾರತರತ್ನವು ದೊರೆಯಿತು. 1962ರ ಎಪ್ರಿಲದಲ್ಲಿ ಅವರು ತೀರಿಕೊಂಡರು.

ಈ ದೀರ್ಘ ಜೀವನದ ಗುಟ್ಟೇನು? ನಮಗೆ ತೋರುವದೇನಂದರೆ, ಖಡಕವಾಸಲೆಯ ಬಾಗಿಲಿನಲ್ಲಿಯೇ ಅವರ ಶೀಲವೂ ಇದೆ. ಕಾವಲುಗಾರನು ನೋಡುತ್ತಿದ್ದಾನೆಂದು ಆ ಬಾಗಿಲು ತೆರೆಯುವದಿಲ್ಲ, ಅವನು ಮಲಗಿದನೆಂದು ತೆರೆಯದೆ ಇರುವದೂ ಇಲ್ಲ. ಅದರ ತೂಕವು ಅದರೊಳಗೇ ಇದೆ. ಬಂಧುಗಳಿಗೆ ಬಾಗಿಲನ್ನು ಮುಚ್ಚಿ ಶಾಲೆಗಳಿಗೆ ತೆರೆದ ದಿವಾನರೂ, ಕೈಗೆ ಬಂದ ಹಣವನ್ನು ಹಾಗೆಯೇ ಮುಂದಕ್ಕೆ ಹರಿಯಬಿಟ್ಟ ಮುದುಕರೂ ಅಂಥ ಒಳತೂಕದಿಂದಲೇ ನಡೆದರು. ಶಾಲೆಯಲ್ಲಿ ಗಂಟೆಯೂ ಗುರುಗಳೂ ಇರುವರು. ಶಾಲೆಯನ್ನು ಬಿಟ್ಟ ಮೇಲೆ ನಮ್ಮ ವಿದ್ಯಾರ್ಥಿನಿಯರನ್ನು ನಡಿಸುವದು ಈ ಒಳತೂಕವೊಂದೇ.

ಇಂಥ ಕೆಲಸ ದಿವಾನರಿಗೇ ಸಾಧ್ಯ, ನಮ್ಮಂಥವರಿಗಲ್ಲ ಎಂದು ಯಾರಾದರೂ ಅನ್ನಬಹುದು. ಅಂಥವರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ ಹೋಗಿ ಬರಲಿ. ಅಲ್ಲಿ ರೈತರು ಸರಕಾರದ ದಾರಿಯನ್ನು ಕಾಯದೆ, ಶ್ರೀ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಮ್ಮ ದುಡ್ಡನ್ನೂ ದುಡಿತವನ್ನೂ ಕೂಡಿಸಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಬೆವರಿನ ಹನಿಗಳು ಸಾಗರವಾಗುವದೆಂದರೆ ಇದೇ. ಅಲ್ಲಿ ನಿಂತ ನೀರನ್ನು ತಲೆಯ ಹೊಲದಿಂದ ಬಾಲದ ಹೊಲದವರೆಗೆ ಹಿತಮಿತವಾಗಿ ಮುಟ್ಟಿಸಿ, ನೆಲವು ಸವಳಾಗದಂತೆ ಕಾಯುವ ಕೆಲಸವು ಇನ್ನೂ ಉಳಿದಿದೆ. ಅದು ನಮ್ಮ ಮಕ್ಕಳ ಪಾಲಿನದು. ಅವರಲ್ಲಿ ಹೆಣ್ಣುಮಕ್ಕಳ ಪಾಲು ಕಡಿಮೆಯಾಗದಿರಲೆಂದು ನಾವು ಹಾರೈಸುವೆವು.