ಮೊದಲ ರಿವಾಲ್ವರ್: ಯಾವುದು ಅನ್ನೋದು ಕೊನೆಯ ಪ್ರಶ್ನೆ

ಹೋದ ತಿಂಗಳು ಸಕಲೇಶಪುರ ಕಡೆಯ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು. 'ಮೆಕ್ಯಾನಿಕಲ್ ಓದಿದವನು ನೀನು, ಒಂದು ಒಳ್ಳೆ ರಿವಾಲ್ವರ್ ಯಾವುದು ಹೇಳೋ' ಅಂದ್ರು. ಪಕ್ಕದ ತೋಟದಲ್ಲಿ ಮೆಣಸು ಕಳುವಾಗಿತ್ತಂತೆ. 'ಮನೇಲಿ ಕೋವಿ ಇದೆಯಲ್ಲ ಚಿಕ್ಕಪ್ಪ?' ಅಂದೆ. 'ಕೂಲಿ ದುಡ್ಡು ತರೋಕೆ ಕೋವಿ ಹೊತ್ಕೊಂಡು ಬ್ಯಾಂಕಿಗೆ ಹೋಗ್ಲೇನೋ?' ಅಂದ್ರು. ಪ್ರಶ್ನೆ ಸರಿಯಾಗೇ ಇತ್ತು. ಹಾಗಾಗಿ ಕೂತು ಓದಿದೆ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಕೋವಿಯನ್ನೂ ಕೈಬಂದೂಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲ್ಲ. ಆತ್ಮರಕ್ಷಣೆಗೆ ಅಂತ ಕೇಳುವ 20 ಇಂಚಿಗಿಂತ ಕಮ್ಮಿಯಿಲ್ಲದ ನಳಿಕೆಯ ಕೋವಿಗೆ, ಬೆಳೆ ರಕ್ಷಣೆಯ ಮದ್ದುಕೋವಿಗೆ ದಾರಿ ಕೊಂಚ ಸಲೀಸು. ಪಿಸ್ತೂಲು, ರಿವಾಲ್ವರ್‌ಗೆ ಹಾಗಲ್ಲ. 'ಸೂಕ್ತ ಕಾರಣ' ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಜಿಲ್ಲೆಗಳಲ್ಲಿ ಆ ಅಧಿಕಾರಿ ಡಿಸಿ, ಬೆಂಗಳೂರಲ್ಲಿ ಪೊಲೀಸ್ ಕಮಿಷನರ್. ವಯಸ್ಸು 21 ತುಂಬಿರಬೇಕು. ಪೊಲೀಸ್ ವರದಿ, ದೈಹಿಕ ಮತ್ತು ಮಾನಸಿಕ ಆರೋಗ್ಯದ ಸರ್ಟಿಫಿಕೇಟ್, ಸುರಕ್ಷಿತವಾಗಿ ಇಡ್ತೀನಿ ಅನ್ನೋ ಮುಚ್ಚಳಿಕೆ, ತರಬೇತಿ ಪಡೆದ ಪತ್ರ, ಇವೆಲ್ಲ ಬೇಕು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ ಅವಕಾಶ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಗರಿಷ್ಠ 2 ಬಂದೂಕು, ಲೈಸೆನ್ಸ್ ಅವಧಿ 5 ವರ್ಷ.

ಲೈಸೆನ್ಸ್ ಸಿಕ್ಕಿತು ಅಂದುಕೊಳ್ಳಿ. ಸಿನಿಮಾದಲ್ಲಿ ನೋಡೋ 9 ಎಂಎಂ ಪಿಸ್ತೂಲು ನಮ್ಮಂಥವರಿಗೆ ಸಿಗಲ್ಲ, ಅದು ನಿಷೇಧಿತ ಬೋರ್. ಸಾಮಾನ್ಯ ಖರೀದಿದಾರರು ಬಂದು ನಿಲ್ಲೋದು ಹೆಚ್ಚಾಗಿ ಪಾಯಿಂಟ್ 32 ಬೋರ್‌ಗೆ. ಇದರಲ್ಲಿ ಸರ್ಕಾರಿ ಕಾರ್ಖಾನೆಗಳ ಮಾಲೇ ಜಾಸ್ತಿ: ಕಾನ್ಪುರದ ರಿವಾಲ್ವರ್‌ಗಳು, ಇಶಾಪುರದ ಅಶನಿ ಪಿಸ್ತೂಲು. ಕಾನ್ಪುರದ್ದೇ ಆದ ನಿರ್ಭೀಕ್ 2014ರಲ್ಲಿ ಬಂದಾಗ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರಲ್ಲಿ ಪ್ರಬಲ್ ಬಂತು.

ರಿವಾಲ್ವರೋ ಪಿಸ್ತೂಲೋ? ರಿವಾಲ್ವರ್‌ನಲ್ಲಿ ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಸಿಲಿಂಡರ್ ತಿರುಗಿ ಮುಂದಿನ ಗುಂಡು ಬರುತ್ತೆ. ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಆ ಗುಂಡನ್ನು ಹೊರಗೆ ಹಾಕಬೇಕು. ಕೈ ನಡುಗುವ ಹೊತ್ತಲ್ಲಿ ಅಭ್ಯಾಸ ಇಲ್ಲದವರಿಗೆ ಅದು ಕಷ್ಟ. ಮ್ಯಾಗಜೀನ್ ತೆಗೆದ ಮೇಲೂ ಪಿಸ್ತೂಲಿನ ಚೇಂಬರ್‌ನಲ್ಲಿ ಒಂದು ಗುಂಡು ಉಳಿದಿರಬಹುದು. ಅನಾಹುತ ಆಗೋದು ಅಲ್ಲೇ. ಹಾಗಾಗಿ ಹೊಸಬರಿಗೆ ನನ್ನ ಓಟು ರಿವಾಲ್ವರ್‌ಗೆ.

ಇನ್ನೊಂದು ತಪ್ಪು ಕಲ್ಪನೆ: ಹಗುರ ಇದ್ದಷ್ಟೂ ಒಳ್ಳೇದು ಅನ್ನೋದು. ನಿರ್ಭೀಕ್ ಸುಮಾರು 500 ಗ್ರಾಂ, ಪ್ರಬಲ್ ಸುಮಾರು 700 ಗ್ರಾಂ. ನ್ಯೂಟನ್‌ನ ಮೂರನೇ ನಿಯಮ ನೆನಪಿಸಿಕೊಳ್ಳಿ. ಗುಂಡು ಒಂದೇ ಆದರೆ, ಹಗುರದ್ದು ಸುಮಾರು 1.4 ಪಟ್ಟು ವೇಗವಾಗಿ ಹಿಂದಕ್ಕೆ ಒದೆಯುತ್ತೆ. ಜೇಬಿಗೆ ಹಗುರ, ಕೈಗೆ ಭಾರ. ಅಂಗಡಿಗೆ ಹೋಗೋ ಮುಂಚೆ ತರಬೇತಿಯಲ್ಲಿ ಎರಡೂ ಥರದ್ದನ್ನು ಹಿಡಿದು ನೋಡೋದು ಜಾಣತನ.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಪ್ಪನಿಗೆ ಒಂದೇ ಪ್ರಶ್ನೆ ಕೇಳಿದೆ: 'ಎಲ್ಲಿ ಇಡ್ತೀರಿ?' ದಿಂಬಿನ ಕೆಳಗೆ ಅಂದ್ರು. ಬೇಸಿಗೆ ರಜಕ್ಕೆ ಬರೋ ಮೊಮ್ಮಕ್ಕಳ ಕೈಗೂ ಅದು ಎಟುಕುತ್ತೆ. ಲಾಕರ್‌ನಲ್ಲಿಟ್ಟು ಬೀಗ ಹಾಕಿದರೆ ರಾತ್ರಿ ಬಂದ ಕಳ್ಳ ನೀವು ಬೀಗ ತೆಗೆಯೋವರೆಗೆ ಕಾಯಲ್ಲ. ಈ ಗಂಟನ್ನು ಯಾವ ಕಂಪನಿಯ ಯಾವ ಮಾಡೆಲ್ಲೂ ಬಿಡಿಸಲ್ಲ. ಮನೇಲಿ ಕುಡಿತವೋ, ಜಗಳವೋ, ಖಿನ್ನತೆಯೋ ಇದ್ದರಂತೂ ಹೊರಗಿನ ಕಳ್ಳನಿಗಿಂತ ಒಳಗಿನ ರಿವಾಲ್ವರ್ರೇ ದೊಡ್ಡ ಅಪಾಯ. ಒಂದು ಕೆಟ್ಟ ಗಳಿಗೆ ಸಾಕು, ಟ್ರಿಗರ್ ಎಳೆದ ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಮದುವೆ ದಿಬ್ಬಣದಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರೋ ಓಡಾಟ ಹೇಗಿರುತ್ತೆ ಅಂತ ಮಲೆನಾಡಿನ ಕೋವಿ ಮನೆಗಳಿಗೆ ಗೊತ್ತೇ ಇದೆ.

ಹಾಗಾದರೆ ಯಾರೂ ತಗೋಬಾರದಾ? ನಿಜವಾದ ಬೆದರಿಕೆ ಇರುವವರು, ವರ್ಷವಿಡೀ ಅಭ್ಯಾಸ ಮಾಡುವವರು, ಬೀಗದ ಶಿಸ್ತು ಇರುವವರು ತಗೊಳ್ಳಲಿ. ಉಳಿದವರ ಭಯಕ್ಕೆ ಇದಕ್ಕಿಂತ ಅಗ್ಗದ, ಸುರಕ್ಷಿತ ಮದ್ದುಗಳಿವೆ.

ಚಿಕ್ಕಪ್ಪ ಅರ್ಜಿ ಹಾಕಿಲ್ಲ. ಕೂಲಿ ದುಡ್ಡನ್ನು ಕೆಲಸದವರ ಖಾತೆಗೇ ಹಾಕೋಕೆ ಶುರು ಮಾಡಿದ್ದಾರೆ. ಮೆಣಸಿನ ಗೋದಾಮಿಗೆ ಒಂದು ಕ್ಯಾಮೆರಾ, ಎರಡು ದೊಡ್ಡ ಲೈಟು ಬಂದಿವೆ. 'ನಿನ್ನ ಕೇಳಿದ್ದು ರಿವಾಲ್ವರ್, ನೀನು ಕೊಟ್ಟಿದ್ದು ಬಲ್ಬು' ಅಂತ ಈಗಲೂ ಬೈತಾರೆ.